ಕಾಲ್ಗುಣವಲ್ಲ, ಲೈನಿಂಗು

ನನ್ನ ಎದೆಯ ಕಾಯಿಲೆಗೆ ಹೆಸರು ಸಿಕ್ಕಿದ ದಿನ ಅವ್ವ ಒಬ್ಬಟ್ಟು ಮಾಡಿದಳು. ಹಬ್ಬವಿರಲಿಲ್ಲ, ಹರಿದಿನವಿರಲಿಲ್ಲ. ಮೈಸೂರಿನ ಆಸ್ಪತ್ರೆಯಿಂದ ಬಂದು ಬಸ್ಸಿಳಿದವಳೇ ಸೀರೆಯನ್ನೂ ಬದಲಾಯಿಸದೆ ಬೇಳೆ ಬೇಯಲು ಇಟ್ಟಳು. ನಾನು ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದೆ. ಡಾಕ್ಟರಮ್ಮ ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದಿದ್ದು ಒಂದೇ, ಈ ಎದೆ ಯಾವಾಗ ಬೇಕಾದರೂ ನಿಂತುಬಿಡಬಹುದು. ಒಳಗಿನಿಂದ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು.

ನಾನು ಭಾಗ್ಯ. ಕಂಪಲಾಪುರದಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಸಣ್ಣ ಅಂಗಡಿ ನನ್ನದು. ಈ ಹೆಸರಿಟ್ಟವರಿಗೆ ತಮಾಷೆ ಮಾಡುವ ಉದ್ದೇಶ ಇರಲಿಲ್ಲ ಅಂದುಕೊಂಡಿದ್ದೇನೆ. ನನ್ನ ಎರಡು ಮೊಣಕೈಯೂ ಪೂರ್ತಿ ನೆಟ್ಟಗಾಗುವುದಿಲ್ಲ. ಹಿಮ್ಮಡಿ ಸರಿಯಾಗಿ ನೆಲಕ್ಕೂರುವುದಿಲ್ಲ, ತುದಿಗಾಲಲ್ಲೇ ನಡೆಯುತ್ತೇನೆ. ಅಪ್ಪನಿಗೂ ಹೀಗೇ ಇತ್ತು, ಅವನ ಅಪ್ಪನಿಗೂ ಇತ್ತು. ಊರಿನವರು ನಮ್ಮನ್ನು ‘ಕೊಕ್ಕೆ ಮನೆಯೋರು’ ಅನ್ನುತ್ತಾರೆ. ಎದುರಿಗೇ ಅನ್ನುತ್ತಾರೆ, ಹಿಂದಿನಿಂದ ಅನ್ನುವಷ್ಟು ಸಂಕೋಚ ನಮ್ಮ ಕಡೆ ಯಾರಿಗೂ ಇಲ್ಲ. ಒಮ್ಮೆ ಹೆಣ್ಣು ನೋಡಲು ಬಂದವರು ಕಾಫಿ ಕೊಡಲು ಚಾಚಿದ ನನ್ನ ಕೈಯನ್ನೇ ನೋಡಿ, ‘ಇಷ್ಟೇ ಬರಾದಾ?’ ಅಂತ ಕೇಳಿದರು. ಕಾಫಿ ಮಾತ್ರ ಕುಡಿದು ಎದ್ದುಹೋದರು. ಆಮೇಲೆ ಬೇರೆ ಯಾರೂ ಬರಲಿಲ್ಲ, ಕಾಫಿಪುಡಿ ಉಳಿಯಿತು.

ಅವ್ವನ ಒಬ್ಬಟ್ಟಿನ ಕಾರಣ ತಿಳಿಯಬೇಕಾದರೆ ಅವಳ ಕಾಲಿನ ವಿಷಯ ಹೇಳಬೇಕು. ಅವಳು ಮದುವೆಯಾಗಿ ಈ ಮನೆಗೆ ಬಂದ ವರ್ಷವೇ ನಮ್ಮ ತಾತ ಹೊಲದಲ್ಲಿ ನೊಗ ಇಳಿಸುತ್ತಾ ಕುಸಿದು ಸತ್ತ. ನಾನೂ ನನ್ನ ತಮ್ಮ ಮಾದೇಶನೂ ಚಿಕ್ಕವರಿದ್ದಾಗ ಅಪ್ಪ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಗಿಲಲ್ಲಿ ಬಿದ್ದವನು ಏಳಲಿಲ್ಲ. ಇಬ್ಬರಿಗೂ ಜ್ವರವಿಲ್ಲ, ನೋವಿಲ್ಲ, ಬೆಳಿಗ್ಗೆ ಮುದ್ದೆ ಉಂಡಿದ್ದರು. ಅಜ್ಜಿ ಯೋಚನೆ ಮಾಡುವ ಗೋಜಿಗೇ ಹೋಗಲಿಲ್ಲ. ‘ಇವಳ ಕಾಲ್ಗುಣ’ ಎಂದುಬಿಟ್ಟಳು. ಹೊಸ ಸೊಸೆ ಸೇರೊದ್ದು ಬಲಗಾಲಿಟ್ಟು ಒಳಗೆ ಬಂದ ಮೇಲೆ ಒಳ್ಳೆಯದಾದರೆ ಅದು ಮನೆದೇವರ ದಯೆ, ಕೆಟ್ಟದ್ದಾದರೆ ಅವಳ ಕಾಲು. ಹೊಗೆಸೊಪ್ಪಿನ ಸಸಿಮಡಿಗೆ ಬೀಜ ಹಾಕುವ ದಿನ ಅಜ್ಜಿ ಅವ್ವನನ್ನು ಆ ಕಡೆ ಸುಳಿಯಲು ಬಿಡುತ್ತಿರಲಿಲ್ಲ. ನೆಂಟರ ಮನೆಯ ನಾಮಕರಣಕ್ಕೆ ಹೋದರೆ ಅವ್ವ ತಾನಾಗಿಯೇ ಹೊಸ್ತಿಲಾಚೆ ನಿಲ್ಲುತ್ತಿದ್ದಳು. ಯಾರೂ ಬೇಡ ಅನ್ನಬೇಕಾದ ಅಗತ್ಯವೇ ಇರಲಿಲ್ಲ, ಯಾಕೆಂದರೆ ಎಲ್ಲರಿಗಿಂತ ಗಟ್ಟಿಯಾಗಿ ಅದನ್ನು ನಂಬಿದ್ದವಳು ಅವಳೇ.

ನನಗೆ ಮೊದಲು ಬಂದದ್ದು ಸುಸ್ತು. ಅಂಗಡಿಯ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲಿಡುತ್ತಿತ್ತು. ಒಂದು ದಿನ ಬಟ್ಟೆ ಕತ್ತರಿಸುತ್ತಾ ಕತ್ತರಿಸುತ್ತಾ ಹಾಗೇ ಮೇಜಿನ ಮೇಲೆ ಒರಗಿಬಿಟ್ಟೆ. ಎಚ್ಚರವಾದಾಗ ಯಾರದೋ ಮದುವೆ ರವಿಕೆಯ ಬೆನ್ನು ಎರಡು ಹೋಳಾಗಿತ್ತು. ‘ರಕ್ತ ಕಮ್ಮಿ’ ಎಂದರು ಒಬ್ಬರು, ಗ್ಲೂಕೋಸು ಏರಿಸಿದರು. ‘ಪಿತ್ತ’ ಎಂದರು ಇನ್ನೊಬ್ಬರು. ‘ಮದ್ವೆ ಇಲ್ದೆ ಇದ್ರೆ ಇಂಗೇಯ’ ಎಂದಳು ಪಕ್ಕದ ಹೂವಿನಂಗಡಿಯವಳು, ಔಷಧಿ ಮಾತ್ರ ಹೇಳಲಿಲ್ಲ. ಕೊನೆಗೆ ಹುಣಸೂರಿನ ಒಬ್ಬ ವಯಸ್ಸಾದ ಡಾಕ್ಟರು ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. ಗಡಿಯಾರ ಕೆಟ್ಟಿದೆಯೇನೋ ಎಂಬಂತೆ ಅದನ್ನು ಕಿವಿಗೆ ಹಿಡಿದರು. ಮತ್ತೆ ನನ್ನ ಕೈ ಹಿಡಿದರು. ‘ಮೈಸೂರಿಗೆ ಹೋಗಮ್ಮ, ಇವತ್ತೇ’ ಎಂದರು.

ಮೈಸೂರಿನ ಆಸ್ಪತ್ರೆಯ ಹಜಾರದಲ್ಲಿ ಕಾಯುವುದನ್ನು ಅನುಭವಿಸಿದವರಿಗೆ ವಿವರಿಸಬೇಕಿಲ್ಲ, ಅನುಭವಿಸದವರಿಗೆ ಆ ಭಾಗ್ಯ ಬರುವುದೂ ಬೇಡ. ಪಕ್ಕದಲ್ಲಿ ಎಚ್.ಡಿ. ಕೋಟೆ ಕಡೆಯ ಒಬ್ಬ ಹೆಂಗಸು ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ನಿಂಗೆ ಎಷ್ಟ್ ದಿನ ಅಂದವ್ರವ್ವ?’ ಎಂದಳು.

‘ಇನ್ನೂ ಏನೂ ಅಂದಿಲ್ಲ ಕಣಮ್ಮ.’

‘ಅನ್ನದೇ ಇದ್ರೆ ಕಮ್ಮಿ ಅಂತಾನೇಯ. ತಗೋ, ಉಣ್ಣು.’ ಡಬ್ಬಿಯ ಮುಚ್ಚಳಕ್ಕೆ ಹಾಕಿ ಅರ್ಧ ಚಿತ್ರಾನ್ನ ಕೊಟ್ಟಳು. ಆ ದಿನ ನನಗೆ ಸಿಕ್ಕ ದಯೆ ಅದೊಂದೇ, ಖಾರವೂ ಹದವಾಗಿತ್ತು.

ಇಸಿಜಿ ತೆಗೆಯುವವನಿಗೆ ನನ್ನ ಕೈ ಮೇಲೆ ಸಿಟ್ಟು. ‘ಕೈ ನೆಟ್ಟಗಿಡಮ್ಮ, ಬಿಗಿ ಹಿಡೀಬೇಡ’ ಎಂದು ಗದರಿದ. ‘ಇಟ್ಟಿದ್ದೀನಿ ಸಾರ್, ನಮ್ಮನೇಲಿ ನೆಟ್ಟಗೆ ಅಂದ್ರೆ ಇಷ್ಟೇ’ ಎಂದೆ. ನಗಲಿಲ್ಲ. ಮೊಣಕೈಯನ್ನು ಒತ್ತಿ ಮಂಚಕ್ಕೆ ತಾಗಿಸಲು ನೋಡಿದ. ನೋವಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಯಂತ್ರದಿಂದ ಬಂದ ಕಾಗದ ನೋಡಿ ಓಡಿಹೋಗಿ ಡಾಕ್ಟರನ್ನು ಕರೆತಂದ.

ಬಂದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಎಲ್ಲರೂ ಎದೆ ನೋಡುತ್ತಿದ್ದರೆ ಅವರು ನನ್ನ ಮೊಣಕೈ ನೋಡಿದರು. ‘ಇದು ಯಾವಾಗಿಂದ ಹೀಗಿದೆ? ಮನೇಲಿ ಇನ್ನು ಯಾರಿಗಿದೆ?’

ಅಪ್ಪನಿಗೆ, ತಾತನಿಗೆ ಎಂದೆ.

‘ಅವರು ಹೇಗೆ ತೀರಿಕೊಂಡ್ರು?’

ಅವ್ವ ಸೆರಗು ಸರಿಮಾಡಿಕೊಂಡು, ಊರಿನ ಹೆಸರು ಹೇಳುವಷ್ಟು ಸಲೀಸಾಗಿ, ‘ನನ್ ಕಾಲ್ಗುಣದಿಂದ ಕಣವ್ವ’ ಎಂದಳು.

ಡಾಕ್ಟರಮ್ಮ ಅವ್ವನ ಕಾಲನ್ನೇ ನೋಡಿದರು. ಪಾಪ, ಕಾಲಿನಲ್ಲೂ ಏನಾದರೂ ಕಾಯಿಲೆಯಿದೆಯೇನೋ ಅಂದುಕೊಂಡರು. ಅರ್ಥವಾದ ಮೇಲೆ ಇಸಿಜಿ ಕಾಗದದ ಕಡೆಗೆ ತಿರುಗಿದರು. ಎದೆಗೆ ಮೆಷಿನ್ ಹಾಕಲೇಬೇಕು, ಆದರೆ ಯಾವ ಮೆಷಿನ್ ಎಂದು ತೀರ್ಮಾನಿಸುವ ಮೊದಲು ರಕ್ತ ಬೇರೆ ಕಡೆ ಕಳಿಸಿ ನೋಡಬೇಕು ಎಂದರು.

ರಕ್ತದ ವರದಿ ಬಂದ ದಿನ ಅವರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ‘ಮೈಯೆಲ್ಲ ಜೀವಕೋಶ. ಪ್ರತಿ ಕೋಶದ ನಡುವೆ ಒಂದು ಬೀಜ, ಅದರ ಸುತ್ತ ಒಂದು ಪೊರೆ. ಕೋಶ ಎರಡಾಗುವಾಗ ಆ ಪೊರೆ ಬಿಚ್ಚಿಹೋಗುತ್ತೆ, ಆಮೇಲೆ ಎರಡು ಬೀಜದ ಸುತ್ತಲೂ ಹೊಸದಾಗಿ ಕಟ್ಟಿಕೊಳ್ಳುತ್ತೆ. ಆ ಪೊರೆಗೆ ಒಳಗಡೆಯಿಂದ ಆಸರೆಯಾಗಿ ತೆಳ್ಳಗೆ ಒಂದು ಬಲೆ ಇರುತ್ತೆ. ನಿಮಗೆ ಆ ಬಲೆಯ ನೂಲೇ ಸರಿಯಿಲ್ಲ.’

‘ಲೈನಿಂಗಾ ಮೇಡಂ?’ ಎಂದೆ.

‘ಹಾಂ, ಲೈನಿಂಗ್ ಅಂತಲೇ ಇಟ್ಕೊಳ್ಳಿ. ಎಲ್ಲಿ ಎಳೆದಾಟ ಜಾಸ್ತಿಯೋ ಅಲ್ಲಿ ತಡೆಯಲ್ಲ. ಮಾಂಸಖಂಡದಲ್ಲಿ, ಹೃದಯದಲ್ಲಿ.’

ನನಗೆ ಅಷ್ಟು ಸಾಕಾಗಿತ್ತು. ರವಿಕೆಗೆ ಕಳಪೆ ಲೈನಿಂಗ್ ಕೊಟ್ಟರೆ ಅದು ಬೆನ್ನಲ್ಲಿ ಹರಿಯುವುದಿಲ್ಲ, ಕೈ ಎತ್ತಿ ಇಳಿಸುವ ಕಂಕುಳಲ್ಲೇ ಹರಿಯುತ್ತದೆ. ಮೇಲಿನ ರೇಷ್ಮೆ ನೋಡಿದವರಿಗೆ ಗೊತ್ತಾಗುವುದೇ ಇಲ್ಲ.

ಅವ್ವನಿಗೆ ಪೊರೆಯೂ ಬೇಕಿರಲಿಲ್ಲ, ಬಲೆಯೂ ಬೇಕಿರಲಿಲ್ಲ. ‘ಇದು ಯಾರ್ ಕಡೆಯಿಂದ ಬಂತು ಅಂತ ಗೊತ್ತಾಯ್ತದಾ?’ ಎಂದು ಕೇಳಿದಳು.

‘ತಂದೆಯಿಂದ ಬಂದಿರೋದು. ಅವರಿಗೆ ಅವರ ತಂದೆಯಿಂದ.’

‘ನನ್ ಕಡೆಯಿಂದ ಅಲ್ವಾ?’

‘ಅಲ್ಲ.’

‘ನಾನ್ ಈ ಮನೆಗೆ ಕಾಲಿಡಕ್ ಮುಂಚೇನೇ ಇತ್ತಾ?’

‘ಇತ್ತಮ್ಮ.’

ಅವ್ವ ನಕ್ಕಳು. ಮೊದಲು ಬಾಯಿಗೆ ಸೆರಗು ಒತ್ತಿಕೊಂಡು, ಆಮೇಲೆ ಸೆರಗು ಬಿಟ್ಟು. ಕಣ್ಣಲ್ಲಿ ನೀರು ಸುರಿಯುವವರೆಗೂ ನಕ್ಕಳು. ಪಕ್ಕದಲ್ಲಿ ನಾನಿದ್ದೆ, ಇನ್ನೂ ಬದುಕಿದ್ದೆ, ನನ್ನ ಎದೆ ನಿಂತುಹೋಗುವ ಸಂಗತಿ ಆಗ ತಾನೇ ಹೇಳಿದ್ದರು. ಅಷ್ಟು ಸಂತೋಷವಾಗಿ ಅವಳು ನಕ್ಕಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸಿಟ್ಟು ಬಂತು, ಹೊಟ್ಟೆಯೂ ಉರಿಯಿತು. ನನ್ನ ಕಾಯಿಲೆ ಅವಳ ಬಿಡುಗಡೆಯಾಗಿತ್ತು.

ಡಾಕ್ಟರಮ್ಮ ನಗು ಮುಗಿಯುವವರೆಗೆ ಕಾದರು. ‘ಇನ್ನೊಂದು ಮಾತು. ಮಕ್ಕಳಲ್ಲಿ ಒಬ್ಬೊಬ್ಬರಿಗೂ ಬರೋ ಸಂಭವ ಅರ್ಧಕ್ಕರ್ಧ. ನಿಮ್ಮ ಮಗನನ್ನೂ ಕರ್ಕೊಂಡ್ ಬನ್ನಿ. ತಡ ಮಾಡಬೇಡಿ.’

ಅವ್ವನ ಮುಖ ಬಿಗಿದುಕೊಂಡಿತು. ‘ಅವ್ನು ನನ್ ತರ ಕಣವ್ವ. ಬೇಕಾದ್ರೆ ಮೂಗ್ ನೋಡಿ’ ಎಂದಳು.

ಮೂಗು ಅವ್ವನದೇ, ನಿಜ. ಆದರೆ ಮಾದೇಶನ ಅಂಗಿ ಹೊಲಿಯುವವಳು ನಾನು. ಅವನು ಬೇಸಿಗೆಯಲ್ಲೂ ತುಂಬುತೋಳಿನ ಅಂಗಿಯನ್ನೇ ಯಾಕೆ ಹಾಕುತ್ತಾನೆ, ಅವನ ತೋಳನ್ನು ಮೊಣಕೈ ಹತ್ತಿರ ಎಷ್ಟು ಬಾಗಿಸಿ ಕತ್ತರಿಸಬೇಕು ಎನ್ನುವುದು ನನ್ನ ಕತ್ತರಿಗೆ ಗೊತ್ತು. ನನ್ನ ರವಿಕೆಯ ತೋಳಿಗೂ ಅವನ ಅಂಗಿಯ ತೋಳಿಗೂ ಅದೇ ಬಾಗು. ಹೆಂಗಸರು ಹೊಸ ರವಿಕೆ ಹೊಲಿಸಲು ಹಳೆಯದೊಂದು ಅಳತೆ ರವಿಕೆ ತಂದುಕೊಡುತ್ತಾರಲ್ಲ, ಅದರಲ್ಲಿ ತಪ್ಪಿದ್ದರೆ ಹೊಲಿದಿದ್ದರಲ್ಲೆಲ್ಲ ಅದೇ ತಪ್ಪು. ನಮ್ಮಿಬ್ಬರಿಗೂ ಅಳತೆ ಕೊಟ್ಟವನು ಅಪ್ಪ. ಅವತ್ತಿನಿಂದ ನನಗಿದ್ದ ಹಟ ಒಂದೇ: ಮಾದೇಶ ಬೀಳುವ ಮೊದಲು ಅವನನ್ನು ಆ ಇಸಿಜಿ ಮಂಚದ ಮೇಲೆ ಮಲಗಿಸಬೇಕು.

ಆ ಸಂಜೆ ಒಬ್ಬಟ್ಟು ಬೇಯಿಸಿ ಅವ್ವ ಮೊದಲನೆಯದನ್ನು ಅಜ್ಜಿಗೆ ಕೊಟ್ಟಳು. ಅಜ್ಜಿಗೆ ಎಂಬತ್ತು ದಾಟಿದೆ, ಕಿವಿ ಕೇಳುವುದಿಲ್ಲ. ಅವ್ವ ಅವಳ ಕಿವಿಗೆ ಬಾಯಿಟ್ಟು, ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದಳು: ‘ಅತ್ತೇ, ಡಾಕ್ಟ್ರು ಯೋಳಿದ್ರು! ನಿಮ್ಮಗನ್ ಸಾಯ್ಸಿದ್ದು ನಾನಲ್ಲ! ನಿಮ್ ಮನೆ ರಕ್ತ ಕಣತ್ತೆ, ನಿಮ್ ಮನೆ ರಕ್ತ!’

ಅಜ್ಜಿ ಒಬ್ಬಟ್ಟನ್ನು ನಿಧಾನವಾಗಿ ಮುರಿದು ಬಾಯಿಗಿಟ್ಟುಕೊಂಡಳು. ಅಗಿದು ನುಂಗಿದಳು. ‘ನೀ ಬರೋಗಂಟ ರಕ್ತ ಚೆನ್ನಾಗೇ ಇತ್ತಲ್ಲ’ ಎಂದಳು.

ಮುಂದಿನ ವಾರ ನನ್ನ ಎಡ ಕೊರಳೆಲುಬಿನ ಕೆಳಗೆ ಚರ್ಮ ಸೀಳಿ ಮೆಷಿನ್ ಕೂರಿಸಿದರು. ಎದೆ ನಿಧಾನವಾದರೆ ಅದು ತಳ್ಳುತ್ತದೆ, ಹುಚ್ಚಾಪಟ್ಟೆ ಓಡಿದರೆ ಒದೆಯುತ್ತದೆ. ಹೊಲಿಗೆ ನೋಡಿದೆ, ಅಚ್ಚುಕಟ್ಟಾಗಿತ್ತು, ಹೊಟ್ಟೆಕಿಚ್ಚುಪಡುವಷ್ಟು. ಅಯಸ್ಕಾಂತ ಎದೆಯ ಹತ್ತಿರ ತರಬಾರದು ಎಂದರು. ಅಂಗಡಿಯಲ್ಲಿ ಬಿದ್ದ ಸೂಜಿ ಹೆಕ್ಕಲು ನನ್ನ ಬಳಿ ಒಂದು ಅಯಸ್ಕಾಂತವಿತ್ತು. ಅದನ್ನು ಹೂವಿನಂಗಡಿಯವಳಿಗೆ ಕೊಟ್ಟೆ. ಈಗ ಸೂಜಿ ಬಿದ್ದರೆ ಬರಿಗಾಲಲ್ಲಿ ಹುಡುಕುತ್ತೇನೆ, ಕಾಲಿಗೇ ಸಿಗುತ್ತದೆ.

ಆಸ್ಪತ್ರೆಯಲ್ಲಿ ಮಲಗಿದ್ದಾಗ ಡಾಕ್ಟರಮ್ಮನನ್ನು ಒಂದು ವಿಷಯ ಕೇಳಿದ್ದೆ. ಬಿಚ್ಚಿಹೋದ ಪೊರೆಯನ್ನು ಮತ್ತೆ ಹೊಲಿಯುವವರು ಯಾರು? ಯಾರೂ ಇಲ್ಲ ಎಂದರು. ಚೂರುಗಳು ತಾವೇ ಬಂದು ಬೀಜದ ಮೈಗೆ ಅಂಟಿಕೊಳ್ಳುತ್ತವಂತೆ, ಹರಡಿ ಒಂದಕ್ಕೊಂದು ಸೇರುತ್ತವಂತೆ, ಉಳಿದ ತೂತುಗಳನ್ನು ಮುಚ್ಚುವುದಕ್ಕೂ ಒಳಗೇ ಏರ್ಪಾಡು ಇದೆಯಂತೆ. ಕೇಳಿ ಬೆರಗಾಯಿತು. ಬೆರಗಿನ ಹಿಂದೆಯೇ ಸಿಟ್ಟೂ ಬಂತು. ಅಷ್ಟು ಚೆಂದದ ಕೆಲಸ ನನ್ನ ಮೈಯಲ್ಲೂ ನಡೆಯುತ್ತಿದೆ, ತಪ್ಪದೆ ನಡೆಯುತ್ತಿದೆ, ಪ್ರತಿ ಸಲವೂ ಅದೇ ಕೆಟ್ಟ ನೂಲು ಹಾಕಿ. ಗಿರಾಕಿ ಬಂದು ಬೈಯುವವರೆಗೂ ಹಾಗೇ ಹೊಲಿಯುವ ದರ್ಜಿಗಳನ್ನು ನಾನು ಕಂಡಿದ್ದೇನೆ. ಇಲ್ಲಿ ಬೈಯೋಣವೆಂದರೆ ದರ್ಜಿಯೇ ಇಲ್ಲ.

ಮಾದೇಶನನ್ನು ಕರೆದೆ, ಬೇಡಿದೆ, ಬೈದೆ. ‘ಸೊಪ್ಪು ಮುರ್ಯೋದ್ ಮುಗೀಲಿ ಕಣಕ್ಕ’ ಎಂದ. ಅವನ ಹೆಂಡತಿ ಸವಿತ, ಮಿರ್ಲೆಯ ಹುಡುಗಿ, ‘ನಾನೇ ಒಪ್ಪುಸ್ತೀನಿ ಬುಡಕ್ಕ’ ಎಂದಳು. ಒಪ್ಪಿಸಿಯೂ ಇದ್ದಳು. ದಿನ ಗೊತ್ತು ಮಾಡಿಕೊಂಡು, ಎಂದೂ ಹಾಕದ ಅರ್ಧತೋಳಿನ ಅಂಗಿ ಹಾಕಿಕೊಂಡು, ಒಟ್ಟಿಗೆ ಬಸ್ಸು ಹತ್ತಲೆಂದು ಅವನು ನನ್ನ ಅಂಗಡಿಗೆ ಬಂದ. ಆಗಲೇ ನನ್ನ ಎದೆಯ ಮೆಷಿನ್ ಮೊದಲ ಸಲ ಒದೆಯಿತು.

ಎತ್ತು ಎದೆಗೆ ಒದ್ದ ಹಾಗಿತ್ತು. ಅಳತೆ ಕೊಡುತ್ತಿದ್ದ ಹೆಂಗಸನ್ನು ತಳ್ಳಿ ನಾನು ಹಿಂದಕ್ಕೆ ಬಿದ್ದೆ, ಟೇಪು ಅವಳ ಕುತ್ತಿಗೆಯಲ್ಲೇ ಉಳಿಯಿತು. ಕಿರುಚಿದೆನಂತೆ. ಕಣ್ಣು ಬಿಟ್ಟಾಗ ಮಾದೇಶ ಗೋಡೆಗೆ ಅಂಟಿಕೊಂಡು ನಿಂತಿದ್ದ, ಮುಖ ಸುಣ್ಣದಂತಾಗಿತ್ತು. ಸಾಯಬೇಕಾಗಿದ್ದ ನಾನು ಬದುಕಿದ್ದೆ. ಅವನ ಕಣ್ಣಿಗೆ ಕಂಡದ್ದು ಅದಲ್ಲ.

‘ಇಂಗೆ ಒದುಸ್ಕೊಂಡು ಬದುಕೋದಾ? ನಂಗ್ ಬ್ಯಾಡ ಕಣಕ್ಕ.’

‘ಒದಿಸ್ಕೊಳ್ದೆ ಸಾಯ್ತೀಯಾ?’

‘ನಿಂಗ್ ಬಂದೈತೆ ಅಂತ ಎಲ್ಲಾರ್ಗೂ ಹಂಚ್ಬೇಡ’ ಎಂದು ಹೊರಟುಹೋದ. ಅವ್ವನಿಗೆ ಹೇಳಿದರೆ ಅವಳು ಅವನ ಪರವೇ ನಿಂತಳು. ‘ಬಲವಂತ ಮಾಡ್ಬೇಡ. ಅವ್ನು ನನ್ ತರ’ ಎಂದಳು. ಮೂಗಿನ ಮಾತು ಮತ್ತೆ ಬಂತು. ನನ್ನನ್ನು ಉಳಿಸಿದ ಒದೆ ನನ್ನ ತಮ್ಮನನ್ನು ಆಸ್ಪತ್ರೆಯಿಂದ ದೂರ ಓಡಿಸಿತು. ಇದಕ್ಕೆ ಯಾರನ್ನು ಬೈಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವನು ಬಿದ್ದದ್ದು ಹಗಲು ಹೊತ್ತಿನಲ್ಲಿ, ಅಂಗಳದಲ್ಲಿ, ಎಲ್ಲರೂ ಕೂತು ಬ್ಯಾರನ್ನಿಗೆ ಏರಿಸಲು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಾಗ. ಬಿದ್ದ ಅನ್ನುವುದೂ ಸರಿಯಲ್ಲ. ಕಟ್ಟಿದ ಕಡ್ಡಿ ಎತ್ತಲು ಹೋದವನು ಹಾಗೇ ಕೂತು, ಪಕ್ಕದಲ್ಲಿದ್ದ ಸವಿತಳ ಮಡಿಲಿಗೆ ತಲೆಯಿಟ್ಟ. ಅವಳಿಗೆ ನಾಚಿಕೆಯಾಯಿತು. ‘ಏಳ್ರಿ, ಜನ ನೋಡ್ತಾರೆ’ ಎಂದು ನಗುತ್ತಾ ತಳ್ಳಿದಳು. ಅವನು ತಳ್ಳಿದ ಕಡೆಗೇ ಉರುಳಿದ. ಸುತ್ತಲಿದ್ದ ಹೆಂಗಸರೂ ಸ್ವಲ್ಪ ಹೊತ್ತು ನಕ್ಕರು, ಯಾರಿಗೂ ತಿಳಿಯಲಿಲ್ಲ.

ಹೆಣವನ್ನು ಜಗಲಿಯಲ್ಲಿ ಮಲಗಿಸಿದಾಗ ಅವನ ಕೈ ನೆಟ್ಟಗೆ ಮಾಡಲು ಊರಿನ ಗಂಡಸರು ಒತ್ತುತ್ತಿದ್ದರು. ‘ಬುಡ್ರಣ್ಣ, ಅದು ಬರಾಕಿಲ್ಲ’ ಎಂದೆ. ಸವಿತ ಕಂಬಕ್ಕೊರಗಿ ಕೂತಿದ್ದಳು, ಅವಳ ಬೆರಳುಗಳೆಲ್ಲ ಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು. ಅವ್ವ ಎದೆ ಬಡಿದುಕೊಂಡು ಅತ್ತಳು. ಅತ್ತು ಅತ್ತು ದನಿ ಬಿದ್ದುಹೋದ ಮೇಲೆ ತಲೆ ಎತ್ತಿ ಸೊಸೆಯನ್ನು ನೋಡಿದಳು. ಮುಖ ನೋಡಲಿಲ್ಲ. ಕಾಲು ನೋಡಿದಳು.

‘ಯಾವ ಗಳಿಗೇಲಿ ಕಾಲಿಟ್ಲೋ ಮುಂಡೆ. ಇವಳ್ ಕಾಲ್ಗುಣ ನನ್ ಮಗನ್ನ ತಿಂತು.’

‘ಅವ್ವ, ಡಾಕ್ಟ್ರು ಏನ್ ಯೋಳಿದ್ರು? ರಕ್ತ ಅಂದ್ರಲ್ವಾ? ನೀನೇ ನಕ್ಕಿದ್ದೆ, ಒಬ್ಬಟ್ ಮಾಡಿದ್ದೆ’ ಎಂದು ಕೂಗಿದೆ.

‘ರಕ್ತ ಅಂತೆ ರಕ್ತ’ ಎಂದಳು ಅವ್ವ.

ಅವಳ ಕಷ್ಟ ನನಗೆ ಅರ್ಥವಾಗುತ್ತದೆ, ಕ್ಷಮಿಸಲು ಮಾತ್ರ ಆಗುವುದಿಲ್ಲ. ರಕ್ತ ಅಂದರೆ, ಹೋಗಬೇಕಾದ ಕಡೆಗೆ ಮಗನನ್ನು ಕರೆದುಕೊಂಡು ಹೋಗದೆ ಮೂಗು ತೋರಿಸಿದ್ದು ತಪ್ಪಾಗುತ್ತದೆ. ಕಾಲ್ಗುಣ ಅಂದರೆ ಯಾರ ತಪ್ಪೂ ಇಲ್ಲ, ಸೊಸೆಯದೊಂದು ಬಿಟ್ಟು.

ಮೂಲೆಯ ಮಂಚದಿಂದ ಅಜ್ಜಿ, ‘ಏನಂತೆ? ಏನಂದ್ಲು?’ ಎಂದು ಕೇಳಿದಳು. ಅವ್ವ ಎದ್ದು ಹೋಗಿ ಅವಳ ಕಿವಿಗೆ ಬಾಯಿಟ್ಟು ಅದನ್ನೇ ಕೂಗಿದಳು. ಅಜ್ಜಿ ಕೇಳಿಸಿಕೊಂಡು, ಹೌದು ಎಂದು ತಲೆಯಾಡಿಸಿದಳು. ಅವ್ವನ ಕೈ ಹಿಡಿದುಕೊಂಡಳು. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ತಿಥಿ ಮುಗಿಯುತ್ತಿದ್ದ ಹಾಗೆ ಸವಿತಳನ್ನು ತೌರಿನವರು ಮಿರ್ಲೆಗೆ ಕರೆದುಕೊಂಡು ಹೋದರು, ಜೊತೆಗೆ ಅವಳ ಮಗಳು ಪುಟ್ಟಿಯನ್ನೂ. ಪುಟ್ಟಿ ಇನ್ನೂ ಅಂಗನವಾಡಿಗೆ ಹೋಗುವ ಮಗು. ಮಾದೇಶನ ವಿಷಯದಲ್ಲಿ ಸೋತಿದ್ದೆ, ಮಗುವಿನ ವಿಷಯದಲ್ಲಿ ಸೋಲಬಾರದು ಅಂದುಕೊಂಡು ಕೆ.ಆರ್. ನಗರದಲ್ಲಿ ಬಸ್ಸು ಬದಲಾಯಿಸಿ ನಾನೂ ಮಿರ್ಲೆಗೆ ಹೋದೆ. ಫ್ರಾಕ್ ಹೊಲಿಯುವ ನೆಪಕ್ಕೆ ಬಟ್ಟೆಯನ್ನೂ ಟೇಪನ್ನೂ ತೆಗೆದುಕೊಂಡು ಹೋಗಿದ್ದೆ.

ಸವಿತ ಹಿತ್ತಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಇಳಿದುಹೋಗಿದ್ದಳು. ಪಕ್ಕದಲ್ಲಿ ಕೂತು, ಮಗುವಿನ ರಕ್ತ ಪರೀಕ್ಷೆ ಮಾಡಿಸೋಣ, ಮೈಸೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಕಾಲ್ಗುಣ ಅನ್ನುವುದೆಲ್ಲ ಸುಳ್ಳು, ಅವ್ವ ಅಂದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದೂ ಹೇಳಿದೆ.

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ‘ಕಾಲ್ಗುಣ ಅಂತಾನೇ ಇರ್ಲಿ ಬುಡಕ್ಕ’ ಎಂದಳು.

‘ಏನಂದೆ?’

‘ನನ್ ಕಾಲ್ಗುಣ ಅಂತಾನೇ ಇರ್ಲಿ. ಊರೋರೆಲ್ಲ ಅಂಗೇ ಅನ್ಲಿ, ನಾನೂ ಊಂ ಅಂತೀನಿ. ನನ್ ಕಾಲಿಂದ ಆಗಿದ್ರೆ ಮಗೀಗ್ ಏನೂ ಇರಾಕಿಲ್ವಲ್ಲಕ್ಕ.’

ಅವ್ವನ ಬಾಯಿಂದ ಬಂದದ್ದು ಬೈಗುಳ. ಅದನ್ನೇ ಇವಳು ಮಗಳಿಗೆ ತಾಯತದ ಹಾಗೆ ಕಟ್ಟಿದ್ದಳು. ಕಿತ್ತು ಹಾಕಬೇಕಾದವಳು ನಾನು.

ಪುಟ್ಟಿ ಓಡಿಬಂದು, ‘ಅತ್ತೆ, ನಂಗೆ ಫ್ರಾಕಾ?’ ಎಂದಳು. ಟೇಪು ತೆಗೆದೆ. ‘ಕೈ ಚಾಚು ಪುಟ್ಟಿ’ ಎಂದೆ. ಚಾಚಿದಳು. ಭುಜದಿಂದ ಬೆರಳ ತುದಿಯವರೆಗೆ ಗೆರೆ ಎಳೆದಷ್ಟು ನೆಟ್ಟಗಿತ್ತು. ಇನ್ನೊಂದು ಕೈಯೂ ಹಾಗೇ ಇತ್ತು.

ಸವಿತ ಮೊದಲ ಸಲ ಕಾಯಿ ಕೆಳಗಿಟ್ಟು ನೋಡಿದಳು. ಅವಳ ಮುಖ ಅರಳಿತು. ‘ನೋಡಿದ್ರಾ ಅಕ್ಕ? ನೆಟ್ಟಗೈತೆ! ನನ್ ತರ ಕಣಕ್ಕ, ನನ್ ಮಗ ನನ್ ತರ!’

ನಮ್ಮ ಕಡೆ ಮುದ್ದು ಬಂದರೆ ಮಗಳನ್ನೂ ಮಗ ಎನ್ನುತ್ತೇವೆ. ಆದರೂ ಆ ಮಾತು ನನ್ನ ಕಿವಿಗೆ ಅವ್ವನ ದನಿಯಲ್ಲೇ ಬಿತ್ತು. ಟೇಪು ಸುತ್ತಿ ಚೀಲಕ್ಕೆ ಹಾಕಿದೆ.

‘ಸವಿತ, ಈ ವಯಸ್ಸಲ್ಲಿ ನನ್ ಕೈಯೂ ನೆಟ್ಟಗಿತ್ತು ಕಣೆ. ಮಾದೇಶಂದೂ ನೆಟ್ಟಗಿತ್ತು’ ಎಂದೆ.

ಅವಳು ಮಗುವನ್ನು ಮಡಿಲಿಗೆ ಎಳೆದುಕೊಂಡು ಎರಡೂ ಅಂಗೈಯಿಂದ ಅದರ ಕಿವಿ ಮುಚ್ಚಿದಳು. ಅವಳು ಕೈ ತೆಗೆಯುವವರೆಗೂ ಕಾದು ಕೂತೆ. ತೆಗೆದ ಮೇಲೆ ಅದೇ ಮಾತನ್ನು ಇನ್ನೊಂದು ಸಲ ಹೇಳಿದೆ.